ಬೆಳಕೂ ಒಂದು ಊಟ: ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಅನಿಮೋನ್‌ಗೆ ಉಣಿಸುವ ಬಗೆ

ಉಪ್ಪುನೀರಿನ ಅಕ್ವೇರಿಯಂಗೆ ಹೊಸದಾಗಿ ಅನಿಮೋನ್ ತಂದವರು ಮೊದಲ ಕೆಲವು ವಾರಗಳಲ್ಲಿ ಒಮ್ಮೆಯಾದರೂ ಗಾಬರಿಯಾಗುತ್ತಾರೆ. ಸಂಜೆ ತಟ್ಟೆಯಗಲ ಅರಳಿ ನಿಂತಿದ್ದ ಜೀವಿ ಬೆಳಿಗ್ಗೆ ನೋಡಿದರೆ ಮುಷ್ಟಿಯಷ್ಟಾಗಿ ಮುದುಡಿರುತ್ತದೆ. ಬಾಯಿಯ ಬಳಿ ಕಂದು ಬಣ್ಣದ ಲೋಳೆಯ ಎಳೆಯೊಂದು ತೂಗುತ್ತಿರುತ್ತದೆ. ಹಸಿದಿರಬೇಕು ಎನ್ನಿಸಿ ಇಡೀ ಸೀಗಡಿಯೊಂದನ್ನು ಅದರ ಮೇಲೆ ಇಡುತ್ತಾರೆ. ಅದು ನುಂಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಮರುದಿನ ಅದೇ ಸೀಗಡಿ ಅರೆಬರೆ ಕರಗಿ, ಲೋಳೆ ಸುತ್ತಿಕೊಂಡು ಹೊರಗೆ ಬಿದ್ದಿರುತ್ತದೆ. ನೀರು ಮಬ್ಬಾಗಿರುತ್ತದೆ, ಮೀನುಗಳು ಮೇಲಕ್ಕೆ ಬಂದು ಉಸಿರಿಗೆ ಒದ್ದಾಡುತ್ತಿರುತ್ತವೆ.

ಇಲ್ಲಿ ತಪ್ಪಿದ್ದು ಮೊದಲ ಊಹೆ. ಮುದುಡಿದ ಅನಿಮೋನ್ ಹಸಿದಿದೆ ಎಂದು ಹೇಳುತ್ತಿರುವುದು ಅಪರೂಪ. ಹೆಚ್ಚಿನ ವೇಳೆ ಅದು ಹಿಂದಿನ ಊಟದ ಕಸವನ್ನು ಹೊರಹಾಕುತ್ತಿರುತ್ತದೆ. ಇಲ್ಲವೇ ನೀರಿನಲ್ಲೋ ಬೆಳಕಿನಲ್ಲೋ ಏನೋ ಸರಿಯಿಲ್ಲ ಎಂದು ತಿಳಿಸುತ್ತಿರುತ್ತದೆ. ಅನಿಮೋನ್‌ಗೆ ಎಷ್ಟು ಉಣಿಸಬೇಕು ಎಂಬುದನ್ನು ಅರಿಯಬೇಕಾದರೆ, ಅದು ಉಣ್ಣುವುದು ಹೇಗೆ ಎಂಬುದನ್ನು ಮೊದಲು ಅರಿಯಬೇಕು. ಏಕೆಂದರೆ ಈ ಪ್ರಾಣಿಗೆ ಊಟ ಬರುವ ದಾರಿ ಒಂದೇ ಅಲ್ಲ.

ಹೂವಿನಂತೆ ಕಾಣುವ ಬೇಟೆಗಾರ

ಸಮುದ್ರ ಅನಿಮೋನ್ ಸಸ್ಯವಲ್ಲ, ಪ್ರಾಣಿ. ಹವಳ ಮತ್ತು ಲೋಳೆಮೀನುಗಳ ಬಳಗಕ್ಕೆ, ಅಂದರೆ ಕುಟುಕುವ ಕೋಶಗಳುಳ್ಳ ಪ್ರಾಣಿಗಳ ಗುಂಪಿಗೆ ಸೇರಿದ್ದು. ಅದರ ದೇಹರಚನೆಯನ್ನು ದಾರ ಎಳೆದು ಮುಚ್ಚುವ ಬಟ್ಟೆಯ ಚೀಲಕ್ಕೆ ಹೋಲಿಸಬಹುದು. ಚೀಲದ ತಳವೇ ಪಾದ. ಅದರಿಂದ ಅನಿಮೋನ್ ಬಂಡೆಗೆ ಅಂಟಿಕೊಳ್ಳುತ್ತದೆ. ಚೀಲದ ಮೈ ಕಾಂಡದಂತಿರುತ್ತದೆ. ಮೇಲ್ಭಾಗದಲ್ಲಿ ಚಪ್ಪಟೆ ತಟ್ಟೆ, ಅದರ ನಡುವೆ ಬಾಯಿ, ಸುತ್ತಲೂ ಬೆರಳುಗಳಂತೆ ಚಾಚಿದ ಕರಬಳ್ಳಿಗಳು.

ಈ ಚೀಲಕ್ಕೆ ಇರುವುದು ಒಂದೇ ದ್ವಾರ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆಹಾರ ಒಳಗೆ ಹೋಗುವುದೂ ಜೀರ್ಣವಾಗದ ಕಸ ಹೊರಗೆ ಬರುವುದೂ ಅದೇ ಬಾಯಿಯಿಂದ. ಬೆಳಿಗ್ಗೆ ಕಂಡ ಕಂದು ಎಳೆ ಬಹುಪಾಲು ಅದೇ ಕಸ. ಅನಿಮೋನ್‌ಗೆ ಎಲುಬಿಲ್ಲ, ಒಳಗೆ ತುಂಬಿಕೊಂಡ ನೀರೇ ಅದರ ಮೈಯನ್ನು ಸೆಟೆದು ನಿಲ್ಲಿಸುತ್ತದೆ. ಒಳಗಿನ ಹಳೆಯ ನೀರನ್ನೂ ಕಸವನ್ನೂ ಹೊರದೂಡಲು ಅದು ಆಗಾಗ ಮುದುಡಲೇಬೇಕು. ಕೆಲವು ಗಂಟೆಗಳಲ್ಲಿ ಹೊಸ ನೀರು ತುಂಬಿಕೊಂಡು ಮತ್ತೆ ಅರಳುತ್ತದೆ.

ಕರಬಳ್ಳಿಗಳ ಮೇಲೆ ಸಾವಿರಾರು ಕುಟುಕುವ ಕೋಶಗಳಿವೆ. ಪ್ರತಿ ಕೋಶದೊಳಗೂ ಒಂದು ಪುಟ್ಟ ಸಂಪುಟ, ಅದರಲ್ಲಿ ಸುರುಳಿ ಸುತ್ತಿದ ಟೊಳ್ಳು ದಾರ. ಬೇಟೆ ತಗಲಿದೊಡನೆ ಈ ದಾರ, ಒಳಮೊಗವಾಗಿ ಮಡಚಿದ ಅಂಗಿಯ ತೋಳನ್ನು ಒಮ್ಮೆಲೇ ಹೊರಗೆಳೆದಂತೆ, ಹೊರಚಿಮ್ಮಿ ಚುಚ್ಚುತ್ತದೆ. ಅನಿಮೋನಿನ ಬಂಧುವಾದ ಸಿಹಿನೀರಿನ ಹೈಡ್ರಾದಲ್ಲಿ ಈ ಸಂಪುಟದೊಳಗಿನ ಒತ್ತಡ ಸುಮಾರು 150 ವಾಯುಭಾರದಷ್ಟಿರುತ್ತದೆ ಎಂದು ಅಳೆದಿದ್ದಾರೆ. ಕಾರಿನ ಟೈರಿನಲ್ಲಿ ಇರುವುದು ಎರಡು ವಾಯುಭಾರಕ್ಕಿಂತ ತುಸು ಹೆಚ್ಚು. ಅಲ್ಲಿ ದಾರ ಹೊರಚಿಮ್ಮುವ ಅತ್ಯಂತ ವೇಗದ ಹಂತ ಮುಗಿಯಲು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ ಸಾಕು. ಕಣ್ಣು ಮಿಟುಕಿಸುವುದು ಇದರ ಮುಂದೆ ಯುಗವೇ ಸರಿ. ಜೊತೆಗೆ ವಿಷವಿಲ್ಲದ, ಕೇವಲ ಅಂಟಿಕೊಳ್ಳುವ ದಾರಗಳುಳ್ಳ ಕೋಶಗಳೂ ಇರುತ್ತವೆ. ಆರೋಗ್ಯವಂತ ಅನಿಮೋನ್ ಮುಟ್ಟಿದಾಗ ಅಂಟಂಟಾಗಿ ಅನ್ನಿಸುವುದು ಇವುಗಳಿಂದಲೇ.

ಕುಟುಕುವ ಕೋಶ ಒಮ್ಮೆ ಸಿಡಿದರೆ ಮುಗಿಯಿತು. ಅದರ ಜಾಗದಲ್ಲಿ ಹೊಸದನ್ನು ಕಟ್ಟಬೇಕು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಮೈಯೊಳಗಿನ ಅಡುಗೆಯವರು

ಅಕ್ವೇರಿಯಂನಲ್ಲಿ ಸಾಮಾನ್ಯವಾಗಿ ಸಾಕುವ ಉಷ್ಣವಲಯದ ಅನಿಮೋನ್‌ಗಳ ಬಣ್ಣ ಅಷ್ಟು ಕಂದಾಗಿ ಇರುವುದೇಕೆ? ಅವುಗಳ ಜೀವಕೋಶಗಳ ಒಳಗೇ ಕಂದು ಬಣ್ಣದ ಏಕಕೋಶ ಪಾಚಿಗಳು ಲಕ್ಷಗಟ್ಟಲೆ ನೆಲೆಸಿರುತ್ತವೆ. ಇವುಗಳನ್ನು ಜೂಕ್ಸಾಂಥೆಲೆ ಎಂದು ಕರೆಯುತ್ತಾರೆ. ಹವಳಗಳೊಳಗೆ ಇರುವುದೂ ಇದೇ ಕುಲದ ಪಾಚಿ.

ಇದು ಒಂದು ಬಾಡಿಗೆಯ ಒಪ್ಪಂದ. ಮನೆಯೊಡೆಯನಾದ ಅನಿಮೋನ್ ಪಾಚಿಗೆ ಜಾಗ ಕೊಡುತ್ತದೆ, ರಕ್ಷಣೆ ಕೊಡುತ್ತದೆ, ತನ್ನ ದೇಹದ ತ್ಯಾಜ್ಯಗಳಾದ ಇಂಗಾಲದ ಡೈಆಕ್ಸೈಡ್ ಮತ್ತು ಅಮೋನಿಯವನ್ನು ಗೊಬ್ಬರವಾಗಿ ಕೊಡುತ್ತದೆ. ಪಾಚಿ ಬೆಳಕನ್ನು ಬಳಸಿ ದ್ಯುತಿಸಂಶ್ಲೇಷಣೆಯಿಂದ ಸಕ್ಕರೆ, ಗ್ಲಿಸರಾಲ್, ಕೊಬ್ಬಿನಂಥ ಪದಾರ್ಥಗಳನ್ನು ತಯಾರಿಸಿ, ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಾಡಿಗೆಯಾಗಿ ಸಲ್ಲಿಸುತ್ತದೆ. ಒಳ್ಳೆಯ ಬೆಳಕಿನಲ್ಲಿ ಅನಿಮೋನಿನ ದಿನದ ಶಕ್ತಿಯ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಅದು ದಿನವಿಡೀ ಅರಳಿ ನಿಲ್ಲುವುದು ನಮ್ಮ ಕಣ್ಣಿಗೆ ಹಬ್ಬವಾಗಲೆಂದಲ್ಲ. ಮೈಯೊಳಗಿನ ಅಡುಗೆಯವರಿಗೆ ಆದಷ್ಟು ಬೆಳಕು ಬೀಳಲೆಂದು.

ಆದ್ದರಿಂದ ಇಂಥ ಅನಿಮೋನ್‌ನ ನಿತ್ಯದ ಊಟ ನಾವು ಕೊಡುವ ಮಾಂಸದ ತುಣುಕಲ್ಲ, ದೀಪ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಹವಳ ಸಾಕಣೆಗೆಂದೇ ತಯಾರಿಸಿದ ಪ್ರಬಲ ದೀಪ ಉರಿಯುತ್ತಿದ್ದರೆ ಅದು ದಿನವೂ ಹೊಟ್ಟೆತುಂಬ ಉಂಡಂತೆಯೇ. ಮೀನಿನ ತೊಟ್ಟಿಗೆ ಹಾಕುವ ಮಾಮೂಲಿ ದೀಪದಡಿ ಇಟ್ಟು, ಕೊರತೆಯನ್ನು ಸೀಗಡಿಯಿಂದ ತುಂಬಿಸುತ್ತೇವೆ ಎಂದರೆ ಬಹುತೇಕ ನಡೆಯುವುದಿಲ್ಲ. ಬೆಳಕು ಸಾಲದ ಅನಿಮೋನ್ ತನ್ನ ಪಾದ ಕಿತ್ತುಕೊಂಡು ಅಲೆಯಲು ತೊಡಗುತ್ತದೆ. ಅಲೆಯುತ್ತ ಪಂಪಿನ ಬಾಯಿಗೆ ಸಿಕ್ಕಿ ಚೂರಾಗುವುದೂ ಉಂಟು. ಪಂಪುಗಳ ಬಾಯಿಗೆ ಸ್ಪಂಜು ಅಥವಾ ಜಾಲರಿ ಕಟ್ಟುವುದನ್ನು ಅನಿಮೋನ್ ತರುವ ಮೊದಲೇ ಮಾಡಿ ಮುಗಿಸಬೇಕು.

ಹಾಗಾದರೆ ಕೈಯಾರೆ ಉಣಿಸುವುದು ಏಕೆ?

ಬೆಳಕಿನಿಂದ ಸಿಗುವ ಊಟದಲ್ಲಿ ಒಂದು ಕೊರತೆಯಿದೆ. ಅದರಲ್ಲಿ ಶಕ್ತಿ ಧಾರಾಳ, ಸಾರಜನಕ ಕಡಿಮೆ. ಒಲೆಗೆ ಸೌದೆ ಬೇಕಾದಷ್ಟಿದ್ದು ಗೋಡೆ ಕಟ್ಟಲು ಇಟ್ಟಿಗೆ ಇಲ್ಲದ ಮನೆಯಂತೆ. ಇಟ್ಟಿಗೆ ಎಂದರೆ ಪ್ರೋಟೀನ್. ದೇಹ ಬೆಳೆಯಲು, ಗಾಯ ಮಾಯಲು, ಸಂತಾನೋತ್ಪತ್ತಿಗೆ, ಆಗಲೇ ಹೇಳಿದ ಹಾಗೆ ಸಿಡಿದು ಹೋದ ಕುಟುಕುವ ಕೋಶಗಳ ಜಾಗದಲ್ಲಿ ಹೊಸದನ್ನು ಕಟ್ಟಲು ಪ್ರೋಟೀನ್ ಬೇಕು, ರಂಜಕದಂಥ ಖನಿಜಗಳೂ ಬೇಕು.

ಸಮುದ್ರದಲ್ಲಿ ಇವು ಸಣ್ಣಪುಟ್ಟ ರೂಪದಲ್ಲಿ ಬರುತ್ತಲೇ ಇರುತ್ತವೆ: ಅಲೆಯಲ್ಲಿ ತೇಲಿ ಬರುವ ಪ್ಲವಕ ಜೀವಿಗಳು, ಪುಟ್ಟ ಸೀಗಡಿ ಏಡಿಗಳು, ಆಗೊಮ್ಮೆ ಈಗೊಮ್ಮೆ ಒಂದು ಮೀನು. ನೀರಿನಲ್ಲಿ ಕರಗಿದ ಅಮೈನೋ ಆಮ್ಲಗಳನ್ನು ಅನಿಮೋನ್ ನೇರವಾಗಿ ಮೈಯಿಂದಲೇ ಹೀರಿಕೊಳ್ಳಲೂ ಬಲ್ಲದು. ಮನೆಯ ತೊಟ್ಟಿಯಲ್ಲಿ ನೀರು ಸೋಸಿ ಸೋಸಿ ಶುದ್ಧವಾಗಿರುತ್ತದೆ. ಮೀನುಗಳಿಗೆ ಹಾಕಿದ ಆಹಾರದ ಚೂರುಗಳು, ಅವುಗಳ ತ್ಯಾಜ್ಯ ಒಂದಷ್ಟು ಸಿಗುತ್ತವೆ. ಹೆಚ್ಚು ಮೀನುಗಳಿರುವ ತೊಟ್ಟಿಯಲ್ಲಿ ಅಷ್ಟರಿಂದಲೇ ಅನಿಮೋನ್ ವರ್ಷಗಟ್ಟಲೆ ಚೆನ್ನಾಗಿ ಬಾಳಬಹುದು. ಮೀನು ಕಡಿಮೆಯಿದ್ದರೆ, ಅಥವಾ ಅನಿಮೋನ್ ಬೇಗ ಬೆಳೆಯಲಿ ಎಂಬ ಆಸೆಯಿದ್ದರೆ, ಕೈಯಾರೆ ಉಣಿಸುವುದು ನೆರವಾಗುತ್ತದೆ.

ಎಲ್ಲ ಅನಿಮೋನ್‌ಗಳ ಹೊಟ್ಟೆಯೂ ಒಂದೇ ಅಲ್ಲ

ಈವರೆಗೆ ಹೇಳಿದ್ದು ಪಾಚಿ ಹೊತ್ತ ಅನಿಮೋನ್‌ಗಳ ಮಾತು. ಕ್ಲೌನ್ ಮೀನುಗಳಿಗೆ ಆಶ್ರಯ ಕೊಡುವ ಸುಮಾರು ಹತ್ತು ಜಾತಿಗಳೂ ಈ ಗುಂಪಿನವು. ಅವುಗಳಲ್ಲಿ ಮನೆಯ ತೊಟ್ಟಿಗೆ ಹೆಚ್ಚು ಹೊಂದಿಕೊಳ್ಳುವುದು ಬಬಲ್ ಟಿಪ್ ಅನಿಮೋನ್, ಅಂದರೆ ಎಂಟಾಕ್ಮಿಯ ಕ್ವಾಡ್ರಿಕಲರ್. ಕರಬಳ್ಳಿಗಳ ತುದಿ ಬಲ್ಬಿನಂತೆ ಉಬ್ಬುವುದರಿಂದ ಅದಕ್ಕೆ ಆ ಹೆಸರು. ಇದು ಹೆಚ್ಚು ಉಣಿಸಿದರೆ ಬೇಗ ದಪ್ಪವಾಗಿ, ನಡುವೆ ಸೀಳಿಕೊಂಡು ಎರಡಾಗುತ್ತದೆ. ಆದರೆ ನೀರು ಕೆಟ್ಟು ಕಷ್ಟಕ್ಕೆ ಸಿಕ್ಕಾಗಲೂ ಅದು ಹೀಗೆಯೇ ಒಡೆಯಬಹುದು. ಆದ್ದರಿಂದ ಒಂದು ಎರಡಾದುದನ್ನು ಕಂಡು ನಮ್ಮ ಆರೈಕೆ ಫಲಿಸಿತೆಂದು ತಕ್ಷಣ ಹಿಗ್ಗುವ ಮುನ್ನ ನೀರನ್ನು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಕಾರ್ಪೆಟ್ ಅನಿಮೋನ್‌ಗಳು ಬಲವಾಗಿ ಕುಟುಕುವ ಜಾತಿಗಳು. ಎಚ್ಚರ ತಪ್ಪಿ ಹತ್ತಿರ ಬಂದ ಮೀನನ್ನೇ ಹಿಡಿದು ನುಂಗುತ್ತವೆ. ಅವುಗಳ ಮಾಲೀಕರು ಊಟ ಕೊಡದಿದ್ದರೂ ಅವು ತಾವೇ ವ್ಯವಸ್ಥೆ ಮಾಡಿಕೊಂಡಿರುವುದನ್ನು ಮೀನು ಎಣಿಸಿದಾಗ ಕಾಣಬಹುದು.

ಇನ್ನೊಂದು ಗುಂಪಿನ ಕಥೆಯೇ ಬೇರೆ. ಕೊಳವೆ ಅನಿಮೋನ್‌ಗಳು ನಿಜವಾದ ಅನಿಮೋನ್‌ಗಳಲ್ಲ, ದೂರದ ನೆಂಟರು. ಮರಳಿನಲ್ಲಿ ತಾವೇ ಹೆಣೆದ ಕೊಳವೆಯಲ್ಲಿ ವಾಸಿಸುತ್ತವೆ. ಅವುಗಳ ಮೈಯಲ್ಲಿ ಪಾಚಿಯಿಲ್ಲ. ತಣ್ಣನೆಯ ಸಮುದ್ರಗಳ ಹಲವು ಅನಿಮೋನ್‌ಗಳಲ್ಲೂ ಇಲ್ಲ. ಬೆಳಕು ಇವುಗಳ ಹೊಟ್ಟೆ ತುಂಬಿಸದು. ನಾವು ಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ. ಕೊಳವೆ ಅನಿಮೋನ್‌ಗೆ ವಾರಕ್ಕೆ ಕೆಲವು ಬಾರಿ ಚಿಕ್ಕ ಚಿಕ್ಕ ತುಣುಕು ಕೊಡಬೇಕಾಗುತ್ತದೆ. ತಂದ ಜೀವಿ ಯಾವ ಗುಂಪಿನದೆಂದು ಖಚಿತವಾಗಿ ತಿಳಿಯದೆ ಊಟದ ಲೆಕ್ಕ ಹಾಕುವುದೇ ತಪ್ಪು.

ಯಾವ ಆಹಾರ ಒಳ್ಳೆಯದು?

ಸಮುದ್ರದ ಪ್ರಾಣಿಗೆ ಸಮುದ್ರದ ಆಹಾರ. ಮೈಸಿಸ್ ಎಂಬ ಪುಟ್ಟ ಸೀಗಡಿಯಂಥ ಜೀವಿಗಳನ್ನು ಹೆಪ್ಪುಗಟ್ಟಿಸಿ ಮಾರುತ್ತಾರೆ. ಸಣ್ಣ ಅನಿಮೋನ್‌ಗೆ ಇದಕ್ಕಿಂತ ಅನುಕೂಲವಾದ ಆಹಾರವಿಲ್ಲ. ಹಸಿ ಸೀಗಡಿ, ಸ್ಕ್ವಿಡ್, ಚಿಪ್ಪಿನೊಳಗಿನ ಮೃದ್ವಂಗಿಗಳ ಮಾಂಸ, ಕ್ರಿಲ್, ಕಡಲ ಮೀನಿನ ಚೂರು ಇವೆಲ್ಲವೂ ಆಗುತ್ತವೆ. ಬೇಯಿಸಿದ್ದು, ಉಪ್ಪು ಮಸಾಲೆ ಹಚ್ಚಿದ್ದು, ಕೆಡದಿರಲೆಂದು ರಾಸಾಯನಿಕ ಸೇರಿಸಿದ್ದು ಬೇಡ. ಕೋಳಿ, ಕುರಿ ಮುಂತಾದ ನೆಲದ ಪ್ರಾಣಿಗಳ ಮಾಂಸವೂ ಬೇಡ. ಅದರ ಕೊಬ್ಬಿನ ಸ್ವಭಾವವೇ ಬೇರೆ.

ಸಿಹಿನೀರಿನ ಸಣ್ಣ ಮೀನುಗಳನ್ನು, ಅದರಲ್ಲೂ ಗೋಲ್ಡ್‌ಫಿಷ್‌ಗಳನ್ನು ಜೀವಂತವಾಗಿ ಕೊಡುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಮಾಡಬೇಡಿ. ಉಪ್ಪುನೀರಿನಲ್ಲಿ ಆ ಮೀನು ನರಳುತ್ತದೆ ಎಂಬುದು ಮೊದಲ ಕಾರಣ. ಗೋಲ್ಡ್‌ಫಿಷ್‌ನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು, ಅದು ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ನಾಶ ಮಾಡುತ್ತದೆ ಎಂಬುದು ಎರಡನೆಯದು. ಕಡಲಿನ ಕೆಲವು ಮೀನುಗಳಲ್ಲೂ ಈ ಕಿಣ್ವವಿದೆ. ಹೆಪ್ಪುಗಟ್ಟಿಸಿದರೆ ಅದು ಹೋಗುವುದಿಲ್ಲ. ತಿಂಗಳುಗಟ್ಟಲೆ ಒಂದೇ ಬಗೆಯ ಮೀನನ್ನು ಕೊಡದೆ ಬದಲಾಯಿಸುತ್ತಿದ್ದರೆ ಇದರ ಚಿಂತೆ ಇರುವುದಿಲ್ಲ.

ಹೆಪ್ಪುಗಟ್ಟಿದ ಆಹಾರವನ್ನು ತೊಟ್ಟಿಯ ನೀರಿನ ಒಂದು ಬಟ್ಟಲಲ್ಲಿ ಕರಗಿಸಿ, ಆ ರಸವನ್ನು ಚೆಲ್ಲಿ, ತುಣುಕನ್ನು ಮಾತ್ರ ಕೊಡಬೇಕು. ರಸದಲ್ಲಿ ಕರಗಿರುವ ಪೋಷಕಾಂಶಗಳು ನೀರನ್ನು ಕೆಡಿಸಿ ಬೇಡದ ಪಾಚಿಯನ್ನು ಬೆಳೆಸುವುದೇ ಹೆಚ್ಚು.

ಎಷ್ಟು, ಎಷ್ಟು ದಿನಕ್ಕೊಮ್ಮೆ?

ತುಣುಕಿನ ಗಾತ್ರಕ್ಕೆ ಒಂದೇ ಅಳತೆ ಸಾಕು: ಅನಿಮೋನಿನ ಬಾಯಿಗಿಂತ ದೊಡ್ಡದಾಗಿರಬಾರದು. ಅಂಗೈಯಗಲದ ಬಬಲ್ ಟಿಪ್‌ಗೆ ಬಟಾಣಿ ಕಾಳಿನಷ್ಟು. ಬಾಯಿ ಎಷ್ಟು ಬೇಕಾದರೂ ಹಿಗ್ಗುತ್ತದೆ, ಇಡೀ ಮೀನನ್ನೂ ಒಳಗೆ ಎಳೆದುಕೊಳ್ಳುತ್ತದೆ ಎಂಬುದು ನಿಜ. ಒಳಗೆ ಎಳೆದುಕೊಂಡದ್ದೆಲ್ಲ ಜೀರ್ಣವಾಗುತ್ತದೆ ಎಂಬುದು ನಿಜವಲ್ಲ. ಚೀಲದೊಳಗೆ ಪರದೆಗಳಂಥ ಮಡಿಕೆಗಳಿದ್ದು, ಅವುಗಳ ಅಂಚಿನಿಂದ ಒಸರುವ ಕಿಣ್ವಗಳು ಮಾಂಸವನ್ನು ಹೊರಗಿನಿಂದ ಒಳಕ್ಕೆ ಕರಗಿಸುತ್ತ ಹೋಗುತ್ತವೆ. ತುಣುಕು ದೊಡ್ಡದಾದಷ್ಟೂ ಅದರ ನಡುಭಾಗವನ್ನು ಕಿಣ್ವ ತಲುಪಲು ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಬೆಚ್ಚಗಿನ ನೀರಿನಲ್ಲಿ ಬ್ಯಾಕ್ಟೀರಿಯಾಗಳು ತಮ್ಮ ಕೆಲಸ ಶುರು ಮಾಡಿರುತ್ತವೆ. ಕೊಳೆಯುತ್ತಿರುವ ಗಂಟನ್ನು ಅನಿಮೋನ್ ಉಗುಳಿಬಿಡುತ್ತದೆ. ಅದೇ ಮಾಂಸವನ್ನು ಸಣ್ಣಗೆ ಹೆಚ್ಚಿ ಕೊಟ್ಟರೆ ಕಿಣ್ವಕ್ಕೆ ಸಿಗುವ ಮೇಲ್ಮೈ ಹಲವು ಪಟ್ಟಾಗುತ್ತದೆ.

ಅವಧಿಯ ವಿಷಯಕ್ಕೆ ಬಂದರೆ, ಒಳ್ಳೆಯ ಬೆಳಕಿನಲ್ಲಿರುವ ಆರೋಗ್ಯವಂತ ಅನಿಮೋನ್‌ಗೆ ವಾರಕ್ಕೆ ಒಂದು ಬಾರಿ ಸಾಕು. ಎರಡು ಬಾರಿ ಕೊಟ್ಟರೆ ಬೆಳವಣಿಗೆ ಚುರುಕಾಗುತ್ತದೆ. ಎರಡು ವಾರಕ್ಕೊಮ್ಮೆ ಕೊಟ್ಟರೂ ಏನೂ ಆಗುವುದಿಲ್ಲ. ಊರಿಗೆ ಹೋಗಿದ್ದಾಗ ಉಪವಾಸ ಬಿದ್ದೀತು ಎಂದು ಹೊರಡುವ ಮುನ್ನ ದೊಡ್ಡ ತುತ್ತು ತುರುಕಿ ಹೋಗುವುದಂತೂ ಬೇಡವೇ ಬೇಡ. ನೀರು ಕೆಟ್ಟರೆ ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರದ ಹೊತ್ತದು.

ಅನಿಮೋನ್‌ಗೆ ಎಷ್ಟು ಕಡಿಮೆ ಸಾಕೆಂಬುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಇದೆ. ಸರ್ ಜಾನ್ ಡಾಲಿಯೆಲ್ ಎಂಬ ಸ್ಕಾಟ್ಲೆಂಡಿನ ನಿಸರ್ಗ ಅಧ್ಯಯನಕಾರರು 1828ರಲ್ಲಿ ನಾರ್ತ್ ಬರ್ವಿಕ್‌ನ ಕಡಲ ತೀರದಿಂದ ಆಕ್ಟಿನಿಯ ಜಾತಿಯ ಒಂದು ಅನಿಮೋನನ್ನು ತಂದು ಗಾಜಿನ ಪಾತ್ರೆಯಲ್ಲಿ ಇಟ್ಟರು. ಅವರು ತೀರಿಕೊಂಡ ಮೇಲೂ ಅದು ಒಬ್ಬರಿಂದ ಇನ್ನೊಬ್ಬರ ಕೈಗೆ ಬದಲಾಗುತ್ತ ಎಡಿನ್‌ಬರೋದಲ್ಲಿ ಬದುಕಿತು. ಜನ ಅದನ್ನು ಪ್ರೀತಿಯಿಂದ ಗ್ರ್ಯಾನಿ, ಅಂದರೆ ಅಜ್ಜಿ ಎಂದು ಕರೆದರು. ನೀರನ್ನು ಕ್ರಮವಾಗಿ ಬದಲಿಸುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಅರ್ಧ ಮಸೆಲ್ ಚಿಪ್ಪಿನ ಮಾಂಸ ಕೊಡುತ್ತಿದ್ದರು. ಆ ಅಜ್ಜಿ 1887ರವರೆಗೆ ಬಾಳಿದಳು. ಪಂಪಿಲ್ಲ, ಸೋಸುಯಂತ್ರವಿಲ್ಲ, ಮೈಯಲ್ಲಿ ಪಾಚಿಯೂ ಇಲ್ಲದ ಜಾತಿ. ತಣ್ಣೀರಿನ ಪ್ರಾಣಿಗೆ ಶಕ್ತಿಯ ಖರ್ಚು ಕಡಿಮೆ ಎಂಬುದನ್ನು ಒಪ್ಪಿಕೊಂಡರೂ, ಪಾಲಿಸಿದವರು ಊಟಕ್ಕಿಂತ ನೀರಿನ ಕಡೆಗೆ ಕೊಟ್ಟ ಗಮನ ಕಣ್ಣಿಗೆ ಬೀಳುತ್ತದೆ.

ಉಣಿಸುವ ಕ್ರಮ

ಮೊದಲು ನೀರು ತಿರುಗಿಸುವ ಪಂಪುಗಳನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ತುಣುಕು ಕರಬಳ್ಳಿಗೆ ಅಂಟುವ ಮೊದಲೇ ತೇಲಿ ಬಂಡೆಯ ಸಂದು ಸೇರುತ್ತದೆ. ಹತ್ತು ಹದಿನೈದು ನಿಮಿಷ ಸಾಕು. ಮತ್ತೆ ಚಾಲೂ ಮಾಡುವುದನ್ನು ಮರೆಯದಿರಲು ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ಪಂಪು ನಿಂತ ತೊಟ್ಟಿಯಲ್ಲಿ ಆಮ್ಲಜನಕ ಕುಸಿಯುತ್ತ ಹೋಗುತ್ತದೆ.

ಉದ್ದನೆಯ ಪ್ಲಾಸ್ಟಿಕ್ ಚಿಮಟದಿಂದ ತುಣುಕನ್ನು ಹಿಡಿದು ಹೊರಸುತ್ತಿನ ಕರಬಳ್ಳಿಗಳಿಗೆ ಮೃದುವಾಗಿ ತಾಗಿಸಿ ಬಿಡಬೇಕು. ಮೈಸಿಸ್‌ನಂಥ ಸಣ್ಣ ಆಹಾರವಾದರೆ ಪಿಪೆಟ್ಟಿನಿಂದ ಮೇಲೆ ನಿಧಾನವಾಗಿ ಸುರಿಸಬಹುದು. ಬಾಯಿಗೇ ತುರುಕಬಾರದು. ಏಕೆಂದರೆ ಅನಿಮೋನ್‌ಗೆ ಊಟವೆಂಬುದು ರುಚಿ ನೋಡಿ ಒಪ್ಪಿಕೊಳ್ಳುವ ಕ್ರಿಯೆ. ಮಾಂಸದಿಂದ ನೀರಿಗೆ ಕರಗುವ ರಾಸಾಯನಿಕಗಳೇ ಅದಕ್ಕೆ ಸಂಕೇತ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಆಂಥೋಪ್ಲೂರ ಎಂಬ ಅನಿಮೋನಿನ ಮೇಲೆ ನಡೆದ ಅಧ್ಯಯನದಲ್ಲಿ ಇದು ಸೊಗಸಾಗಿ ಕಂಡುಬಂತು: ಆಸ್ಪರಾಜಿನ್ ಎಂಬ ಅಮೈನೋ ಆಮ್ಲ ತಗಲಿದರೆ ಕರಬಳ್ಳಿಗಳು ಬಾಗುತ್ತವೆ, ಗ್ಲುಟಥಯೋನ್ ಎಂಬ ಇನ್ನೊಂದು ಪದಾರ್ಥ ತಗಲಿದರೆ ನುಂಗುವ ಕ್ರಿಯೆ ಶುರುವಾಗುತ್ತದೆ. ಹಿಡಿಯಲು ಒಂದು ಕರೆ, ನುಂಗಲು ಇನ್ನೊಂದು ಕರೆ. ಮಿದುಳೇ ಇಲ್ಲದ ಪ್ರಾಣಿಯಲ್ಲಿ ಇಷ್ಟು ಅಚ್ಚುಕಟ್ಟು!

ಹಸಿವಿದ್ದರೆ ಕರಬಳ್ಳಿಗಳು ಕೆಲವೇ ಸೆಕೆಂಡುಗಳಲ್ಲಿ ತುಣುಕನ್ನು ಸುತ್ತಿಕೊಳ್ಳುತ್ತವೆ, ತಟ್ಟೆ ಅಂಚಿನಿಂದ ಮಡಚಿಕೊಳ್ಳುತ್ತದೆ, ಬಾಯಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹತ್ತು ನಿಮಿಷವಾದರೂ ತುಣುಕು ಹಾಗೇ ಬಿದ್ದಿದ್ದರೆ ಅಥವಾ ಕರಬಳ್ಳಿಗಳು ಅದನ್ನು ಬಿಟ್ಟುಕೊಟ್ಟರೆ, ಅದಕ್ಕೆ ಬೇಡ ಎಂದರ್ಥ. ತೆಗೆದುಬಿಡಿ, ಕೆಲವು ದಿನ ಬಿಟ್ಟು ನೋಡಿ. ಹೊಸದಾಗಿ ತಂದ ಅನಿಮೋನ್ ಮೊದಲ ವಾರ ಉಣ್ಣದಿರುವುದು ಸಹಜ; ಅದು ಪಾದ ಊರಿ ಅರಳಿ ನಿಲ್ಲುವವರೆಗೆ ಆಹಾರದ ಗೋಜಿಗೇ ಹೋಗದಿರುವುದು ಲೇಸು.

ಇಷ್ಟೆಲ್ಲ ಜೋಪಾನವಾಗಿ ಕೊಟ್ಟ ಮೇಲೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಗುವುದುಂಟು. ತೊಟ್ಟಿಯಲ್ಲಿರುವ ಸೀಗಡಿಗಳು ಮಾಂಸದ ವಾಸನೆಗೆ ಓಡಿ ಬರುತ್ತವೆ. ಅನಿಮೋನ್ ನುಂಗಿ ಮುಗಿಸಿದ ಮೇಲೂ ಬಾಯೊಳಗೆ ಕೈಹಾಕಿ ತುಣುಕನ್ನು ಎಳೆದು ತೆಗೆಯುತ್ತವೆ, ಆ ಎಳೆದಾಟದಲ್ಲಿ ಬಾಯಿ ಹರಿಯಲೂಬಹುದು. ನಾನು ಅನುಸರಿಸುವ ಉಪಾಯ ಎರಡು. ಮೊದಲು ತೊಟ್ಟಿಯ ಇನ್ನೊಂದು ಮೂಲೆಯಲ್ಲಿ ಸೀಗಡಿಗಳಿಗೂ ಮೀನುಗಳಿಗೂ ಅವುಗಳ ಪಾಲು ಹಾಕಿ, ಅವು ಅಲ್ಲಿ ಮಗ್ನವಾದಾಗ ಅನಿಮೋನ್‌ಗೆ ಕೊಡುವುದು. ಅದೂ ಸಾಲದಿದ್ದರೆ, ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಅಂಚನ್ನು ನುಣುಪು ಮಾಡಿ, ಸಣ್ಣ ತೂತುಗಳನ್ನು ಕೊರೆದು, ಅದನ್ನು ಅರ್ಧ ಗಂಟೆ ಅನಿಮೋನಿನ ಮೇಲೆ ಗುಮ್ಮಟದಂತೆ ಮುಚ್ಚಿಡುವುದು.

ಬರಿಗೈಯಲ್ಲಿ ಉಣಿಸುವವರಿಗೆ ಒಂದು ಮಾತು. ಅಂಗೈಯ ದಪ್ಪ ಚರ್ಮಕ್ಕೆ ಬಹುತೇಕ ಅನಿಮೋನ್‌ಗಳ ಕುಟುಕು ತಿಳಿಯುವುದಿಲ್ಲ. ಮುಂಗೈಯ ತೆಳು ಚರ್ಮಕ್ಕೆ ತಿಳಿಯುತ್ತದೆ, ಅಲರ್ಜಿ ಇರುವವರಿಗೆ ಬಲವಾಗಿಯೇ ತಿಳಿಯುತ್ತದೆ. ಕೈಗವಸು ಹಾಕಿಕೊಳ್ಳುವುದು ಇಬ್ಬರಿಗೂ ಕ್ಷೇಮ, ನಮ್ಮ ಕೈಮೇಲಿನ ಸೋಪಿನ ಅಂಶವೂ ನೀರಿಗೆ ಸೇರುವುದಿಲ್ಲ.

ಉಗುಳಿದ ತುತ್ತು ಮತ್ತು ನೀರಿನ ಲೆಕ್ಕ

ಸಮುದ್ರದಲ್ಲಿ ಅನಿಮೋನ್ ಉಗುಳಿದ್ದನ್ನು ತಿನ್ನಲು ನೂರು ಬಾಯಿಗಳಿವೆ, ಕರಗಿಸಲು ಕಡಲಿನಷ್ಟು ನೀರಿದೆ. ತೊಟ್ಟಿಯಲ್ಲಿ ಅದೇ ತುಣುಕು ಕೊಳೆತು ಅಮೋನಿಯವಾಗುತ್ತದೆ. ಅಮೋನಿಯ ಮೀನುಗಳ ಕಿವಿರುಗಳಿಗೆ ನೇರ ವಿಷ. ಬಂಡೆ ಮತ್ತು ಮರಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟಿನ ವಿಷ ಕಡಿಮೆ, ಆದರೆ ಅದು ಕೂಡುತ್ತ ಹೋಗುತ್ತದೆ. ಹೆಚ್ಚಾದಂತೆ ಬಂಡೆಯ ಮೇಲೆಲ್ಲ ಪಾಚಿ ಹಬ್ಬುತ್ತದೆ. ಏಪ್ಟೇಸಿಯ ಎಂಬ ಕಳೆ ಅನಿಮೋನ್‌ಗಳೂ ಚೆಲ್ಲಿದ ಆಹಾರದ ಮೇಲೆ ಕೊಬ್ಬಿ ಮೂಲೆ ಮೂಲೆಯಲ್ಲಿ ತಲೆಯೆತ್ತುತ್ತವೆ.

ಈ ಬ್ಯಾಕ್ಟೀರಿಯಾಗಳ ಪಡೆ ಸಾಕಷ್ಟು ಬೆಳೆದು ನೀರು ಸ್ಥಿರವಾಗಲು ಕಾಲ ಬೇಕು. ಹೊಸ ತೊಟ್ಟಿಗೆ ಕನಿಷ್ಠ ಆರು ತಿಂಗಳಾದರೂ ಅನಿಮೋನ್ ತರಬೇಡಿ ಎಂದು ಅನುಭವಿಗಳು ಹೇಳುವುದು ಇದಕ್ಕೇ. ತಾಪಮಾನ 24ರಿಂದ 27 ಡಿಗ್ರಿ ಸೆಲ್ಸಿಯಸ್, ಲವಣಾಂಶ ಸಾವಿರಕ್ಕೆ 35 ಭಾಗದ ಆಸುಪಾಸು, ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ: ಇವು ಏರುಪೇರಾಗದೆ ನಿಂತಿರಬೇಕು. ಊಟ ಕೊಟ್ಟ ಮರುದಿನ ತೊಟ್ಟಿಯ ಮೂಲೆಗಳನ್ನು ಒಮ್ಮೆ ನೋಡಿ, ಉಗುಳಿದ ಗಂಟು ಕಂಡರೆ ಕೊಳವೆಯಿಂದ ಹೀರಿ ತೆಗೆಯುವುದನ್ನು ರೂಢಿ ಮಾಡಿಕೊಂಡರೆ ಅರ್ಧ ತೊಂದರೆಗಳು ಹುಟ್ಟುವುದೇ ಇಲ್ಲ.

ಮುದುಡಿದಾಗ ಏನನ್ನು ನೋಡಬೇಕು?

ಬಾಯಿಯನ್ನು ನೋಡಿ. ಬಿಗಿಯಾಗಿ ಮುಚ್ಚಿದ್ದರೆ, ಪಾದ ಬಂಡೆಯನ್ನು ಗಟ್ಟಿಯಾಗಿ ಹಿಡಿದಿದ್ದರೆ, ಕೆಲವು ಗಂಟೆಗಳಲ್ಲಿ ಮತ್ತೆ ಅರಳುತ್ತಿದ್ದರೆ ಚಿಂತೆ ಬೇಡ. ಬಾಯಿ ಸಡಿಲವಾಗಿ ತೆರೆದು ಒಳಭಾಗ ಹೊರಗೆ ಇಳಿಬಿದ್ದಿದ್ದರೆ, ಕರಬಳ್ಳಿಗಳ ಅಂಟು ಹೋಗಿದ್ದರೆ, ಪಾದ ಹಿಡಿತ ಬಿಟ್ಟು ದೇಹ ಅತ್ತಿತ್ತ ಉರುಳುತ್ತಿದ್ದರೆ ಅದು ಅಪಾಯದ ಸ್ಥಿತಿ. ಆಗ ಆಹಾರ ಕೊಡುವುದು ಜ್ವರದಲ್ಲಿ ಮಲಗಿದವರಿಗೆ ಭರ್ಜರಿ ಊಟ ಬಡಿಸಿದಂತೆ. ಮೊದಲು ನೀರು ಪರೀಕ್ಷಿಸಿ ಸರಿಪಡಿಸಬೇಕು. ಮೈ ಕರಗಲು ತೊಡಗಿ ದುರ್ನಾತ ಬಂದರೆ ಅನಿಮೋನ್ ಸತ್ತಿದೆ. ಅದನ್ನು ಕೂಡಲೇ ಹೊರತೆಗೆಯದಿದ್ದರೆ ಇಡೀ ತೊಟ್ಟಿಯನ್ನು ಕೆಡಿಸುತ್ತದೆ.

ಕ್ಲೌನ್ ಮೀನಿನ ಪಾಲು

ಅನಿಮೋನ್ ಜೊತೆ ಕ್ಲೌನ್ ಮೀನು ಇದ್ದರೆ ಉಣಿಸುವ ಕೆಲಸದ ಒಂದು ಪಾಲನ್ನು ಅದೇ ಮಾಡುತ್ತದೆ. ತಾನು ನುಂಗಲಾರದ ದೊಡ್ಡ ತುಣುಕನ್ನು ಕಚ್ಚಿ ತಂದು ಕರಬಳ್ಳಿಗಳ ನಡುವೆ ಇಡುತ್ತದೆ. ಮೀನಿನ ಮೈಯಿಂದ ಹೊರಬರುವ ಅಮೋನಿಯ, ಅನಿಮೋನಿನೊಳಗಿನ ಪಾಚಿಗೆ ಗೊಬ್ಬರವಾಗುತ್ತದೆ. ರಾತ್ರಿ ಹೊತ್ತು ಅದು ರೆಕ್ಕೆ ಬಡಿಯುತ್ತ ಕರಬಳ್ಳಿಗಳ ನಡುವೆ ಹೊಸ ನೀರು ಹರಿಯುವಂತೆ ಮಾಡುತ್ತದೆ. ಇಂಥ ಜೋಡಿಯಿರುವ ತೊಟ್ಟಿಯಲ್ಲಿ ನಮ್ಮ ಕೈಊಟವನ್ನು ಇನ್ನಷ್ಟು ಕಡಿಮೆ ಮಾಡಬಹುದು.

ಬಿಳಿಚಿಕೊಂಡ ಅನಿಮೋನ್: ಇಲ್ಲಿ ಮಾತ್ರ ಲೆಕ್ಕ ಬೇರೆ

ಮಾರಾಟಕ್ಕಿಟ್ಟ ಅಚ್ಚ ಬಿಳಿ ಅನಿಮೋನ್ ಬಹಳ ಚೆಂದ ಕಾಣುತ್ತದೆ. ಆ ಬಿಳುಪು ಸಾಮಾನ್ಯವಾಗಿ ಆರೋಗ್ಯದ ಲಕ್ಷಣವಲ್ಲ. ಸಾಗಣೆಯ ಕಷ್ಟ, ಕತ್ತಲು, ಬಿಸಿ ಇವುಗಳಿಂದ ಅದು ತನ್ನ ಪಾಚಿಗಳನ್ನು ಕಳೆದುಕೊಂಡಿರುತ್ತದೆ. ಮೈಯೊಳಗಿನ ಅಡುಗೆಮನೆ ಬರಿದಾಗಿರುತ್ತದೆ. ಹಳದಿ, ನೇರಳೆಯಂಥ ಕಣ್ಣು ಕುಕ್ಕುವ ಬಣ್ಣ ಮೈತುಂಬ ಒಂದೇ ಸಮನೆ ಇದ್ದರೆ ಬಿಳಿಚಿದ ಪ್ರಾಣಿಗೆ ಬಣ್ಣ ಹಾಕಿರುವ ಸಾಧ್ಯತೆಯೂ ಇದೆ. ಹೊಸಬರು ಇವೆರಡನ್ನೂ ತರದಿರುವುದೇ ಒಳ್ಳೆಯದು.

ಆದರೆ ಈಗಾಗಲೇ ಮನೆಗೆ ಬಂದಿದ್ದರೆ, ಅಥವಾ ಇದ್ದ ಅನಿಮೋನೇ ಬಿಳಿಚಿಕೊಂಡಿದ್ದರೆ, ಕೈಯಾರೆ ಉಣಿಸುವುದು ಪೂರಕವಾಗಿ ಉಳಿಯುವುದಿಲ್ಲ, ಜೀವ ಉಳಿಸುವ ಆರೈಕೆಯಾಗುತ್ತದೆ. ಬೆಳಕಿನ ಊಟ ನಿಂತಿರುವುದರಿಂದ ವಾರಕ್ಕೆ ಎರಡು ಮೂರು ಬಾರಿ ಕೊಡಬೇಕು. ದುರ್ಬಲ ದೇಹಕ್ಕೆ ದೊಡ್ಡ ತುಣುಕನ್ನು ಅರಗಿಸುವ ಬಲವಿರುವುದಿಲ್ಲವಾದ್ದರಿಂದ, ಒಂದೊಂದು ಬಾರಿಗೂ ಎರಡು ಮೂರು ಮೈಸಿಸ್‌ನಷ್ಟೇ, ಅಥವಾ ಸಣ್ಣಗೆ ಕೊಚ್ಚಿದ ಸೀಗಡಿಯ ಚಿಟಿಕೆಯಷ್ಟೇ. ಹಿಂದಿನದನ್ನು ಉಗುಳಿದ್ದರೆ ಮುಂದಿನದನ್ನು ಇನ್ನೂ ಚಿಕ್ಕದಾಗಿಸಬೇಕು. ದೀಪದ ಪ್ರಖರತೆಯನ್ನು ಒಮ್ಮೆಲೇ ಏರಿಸದೆ ವಾರಗಳ ಮೇಲೆ ನಿಧಾನವಾಗಿ ಹೆಚ್ಚಿಸಬೇಕು. ಅಳಿದುಳಿದ ಪಾಚಿಗೆ ತೀಕ್ಷ್ಣ ಬೆಳಕೂ ಪೆಟ್ಟು ಕೊಡುತ್ತದೆ.

ಚೇತರಿಕೆಗೆ ತಿಂಗಳುಗಳೇ ಹಿಡಿಯುತ್ತವೆ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ದಿನದಿನಕ್ಕೆ ಕಾಣದ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ಕರಬಳ್ಳಿಗಳಿಗೆ ಅಂಟು ಮರಳುತ್ತದೆ, ತುಣುಕನ್ನು ಹಿಡಿಯುವ ವೇಗ ಹೆಚ್ಚುತ್ತದೆ. ಆಮೇಲೆ ಎಂದೋ ಒಂದು ದಿನ ಬಿಳಿ ಮೈಯ ಮೇಲೆ ಚಹಾದ ಕಲೆಯಂಥ ತೆಳು ಕಂದು ಛಾಯೆ ಕಾಣಿಸುತ್ತದೆ. ಪಾಚಿ ಮತ್ತೆ ಬೇರೂರಿದೆ ಎಂದು ತಿಳಿಯಬಹುದು. ಆ ಛಾಯೆ ಮೈಯೆಲ್ಲ ಹರಡಿದ ಮೇಲೆ, ವಾರಕ್ಕೆ ಮೂರಿದ್ದ ಊಟವನ್ನು ಎರಡಕ್ಕೆ, ಎರಡನ್ನು ಒಂದಕ್ಕೆ ಇಳಿಸಿ ಅಡುಗೆಯನ್ನು ಪುನಃ ಬೆಳಕಿಗೆ ವಹಿಸಿಕೊಡಬಹುದು.